ಮಾಳವ್ವನ ಹಿಂದೆ ಬಂದ ಹೊಳೆ

ಭೂಮಿಯ ಮೈ ಇನ್ನೂ ಹಸಿಹಸಿಯಾಗಿದ್ದ ಕಾಲವದು ಕಂದಾ. ಆಗ ಪಡುವಣದಲ್ಲಿ ಬೆಟ್ಟದ ಸಾಲೇ ಇರಲಿಲ್ಲ. ಬೆಟ್ಟಜ್ಜ ನೆಲದೊಳಗೆ ಕಾಲು ಚಾಚಿ ಮಲಗಿದ್ದ. ಕಡಲಿನಿಂದ ಎದ್ದ ಮೋಡಗಳು ಹೇಳುವವರು ಕೇಳುವವರು ಇಲ್ಲದೆ ಮೂಡಣದ ಬಯಲಿಗೆ ನುಗ್ಗಿ ಸುರಿಯುತ್ತಿದ್ದವು.

ಆ ಬಯಲಲ್ಲಿ ಮಾಳವ್ವ ಕುರಿ ಕಾಯುತ್ತಿದ್ದಳು. ನೆನೆದು ನೆನೆದು ಕುರಿಗಳ ಗೊರಸು ಕೊಳೆಯಿತು. ಉಣ್ಣೆ ಒಣಗಲಿಲ್ಲ, ಕಂಬಳಿ ನೇಯಲಾಗಲಿಲ್ಲ. ಮಾಳವ್ವನಿಗೋ ಮೂಗಿನ ತುದಿಯಲ್ಲೇ ಕೋಪ. ನೆಲಕ್ಕೆ ಕೋಲು ಕುಟ್ಟಿದಳು.

"ಏಳಜ್ಜಾ! ಈ ಮೋಡಗಳಿಗೆ ಒಂದು ಬೇಲಿ ಹಾಕು."

"ಎದ್ದರೆ ಮತ್ತೆ ಮಲಗಾಕೆ ಆಗಲ್ಲ ಮಗಳೇ. ಯೋಚನೆ ಮಾಡಿ ಹೇಳು," ಎಂದ ಬೆಟ್ಟಜ್ಜ.

"ಯೋಚನೆ ಏನು ಮಾಡೋದು! ನನ್ನ ಕುರಿ ಸಾಯ್ತಾವೆ."

ಬೆಟ್ಟಜ್ಜ ಎದ್ದ. ಬಡಗಣದಿಂದ ತೆಂಕಣದವರೆಗೂ ಎದ್ದು ನಿಂತ. ಮೋಡಗಳು ಅವನ ಎದೆ ಹತ್ತಲಾರದೆ, ಏದುಸಿರು ಬಿಡುತ್ತಾ, ಹೊತ್ತ ನೀರನ್ನೆಲ್ಲ ಅಲ್ಲೇ ಇಳಿಸಿಬಿಟ್ಟವು. ದಾಟಿ ಬಂದದ್ದು ಬರಿಗೈ ಗಾಳಿ ಮಾತ್ರ.

ಉಣ್ಣೆ ಒಣಗಿತು. ಮಾಳವ್ವ ಹಿಗ್ಗಿದಳು. ಆಮೇಲೆ ಹುಲ್ಲೂ ಒಣಗಿತು. ಹಳ್ಳವೂ ಒಣಗಿತು. ತಾಯಿಕುರಿಗಳ ಕೆಚ್ಚಲೂ ಒಣಗಿ, ಮರಿಗಳು ಅವಳ ಸೆರಗು ಚೀಪತೊಡಗಿದವು. ಆಗ ಅವಳಿಗೆ ತನ್ನ ತಪ್ಪು ಅರಿವಾಯಿತು. ಕುರಿಹಟ್ಟಿಗೆ ಬೇಲಿ ಕಟ್ಟುವಾಗ ಮೊದಲು ಬಾಗಿಲಿಗೆ ಜಾಗ ಬಿಡುವವಳು, ಮೋಡದ ಬೇಲಿಗೆ ಬಾಗಿಲು ಕೇಳುವುದನ್ನೇ ಮರೆತಿದ್ದಳು!

ನಾಚಿಕೆ ನುಂಗಿಕೊಂಡು ಬೆಟ್ಟ ಹತ್ತಿದಳು. "ತಪ್ಪಾತಜ್ಜಾ. ಒಂದು ಬಾಗಿಲು ತೆಗಿ."

"ನನ್ನ ಮೈ ಕಲ್ಲಾಗೈತೆ ಮಗಳೇ, ಅಲ್ಲಾಡಾಕೆ ಆಗಲ್ಲ. ಆದರೆ ನೆತ್ತಿ ಮೇಲೆ ಒಂದು ಹೊಳೆ ಹುಟ್ಟೈತೆ. ಕರೆದು ನೋಡು."

ಪುಟ್ಟ ಹೊಳೆ ಪಡುವಣದ ಕಡಲನ್ನೇ ನೋಡುತ್ತಾ ನಿಂತಿತ್ತು. ಕಡಲು ಕೂಗಳತೆಯಲ್ಲಿತ್ತು.

"ಅತ್ತ ಹೋದರೆ ಒಂದೇ ಜಾರು, ಕಡಲಮ್ಮನ ಮಡಿಲು. ನಿನ್ನ ಜೊತೆ ಬಂದರೆ ಏನೈತೆ?" ಎಂದಿತು ಹೊಳೆ.

"ನನ್ನ ಮರಿಗಳು ಬಾಯಾರಿ ಕೂತಾವೆ ಕಣವ್ವಾ," ಎಂದಳು ಮಾಳವ್ವ. ಬೇರೇನೂ ಅವಳಿಗೆ ತೋಚಲಿಲ್ಲ.

ಹೊಳೆ ಕಡಲನ್ನೊಮ್ಮೆ ನೋಡಿತು, ಅವಳನ್ನೊಮ್ಮೆ ನೋಡಿತು. "ಹೂಂ, ನಡಿ ಮುಂದೆ."

ಕುರಿ ಕರೆಯುವಂತೆ ನಾಲಿಗೆ ಲೊಚಗುಟ್ಟಿಸುತ್ತಾ ಮಾಳವ್ವ ಮುಂದೆ ನಡೆದಳು, ಹೊಳೆ ಹಿಂದೆ ಬಂತು. ಕುರಿ ಕಾಯುವವರು ನೆಟ್ಟಗೆ ನಡೆದದ್ದುಂಟೆ? ಒಣಗಿದ ಹುಲ್ಲು ಕಂಡರೆ ಎಡಕ್ಕೆ, ಬಾಯಾರಿದ ಹಟ್ಟಿ ಕಂಡರೆ ಬಲಕ್ಕೆ. ಕೊನೆಗೆ ಅವಳ ಮರಿಗಳು ಮೂತಿ ಅದ್ದಿ ಗಟಗಟನೆ ಕುಡಿದವು. ಮಾಳವ್ವ ಖುಷಿಗೆ ಅತ್ತೇಬಿಟ್ಟಳು.

ಅದಕ್ಕೇ ಕಂದಾ, ಇವತ್ತಿಗೂ ಬೆಟ್ಟದ ಆಚೆ ಧೋ ಎಂದು ಮಳೆ, ಈಚೆ ಚುರುಗುಟ್ಟುವ ಬಿಸಿಲು. ಆದರೂ ಬೆಟ್ಟದ ನೆತ್ತಿಯಲ್ಲಿ ಹುಟ್ಟಿದ ಹೊಳೆ ಹತ್ತಿರದ ಕಡಲಿಗೆ ಬೆನ್ನು ತಿರುಗಿಸಿ, ಅಂಕುಡೊಂಕಾಗಿ ಊರೂರು ಸುತ್ತುತ್ತಾ, ನಮ್ಮ ಕಡೆಗೇ ಬರುತ್ತದೆ.