ತಾಳಿ ತೋರಿಸದ ಡಿಸ್ಕು

ಒಂದಾನೊಂದು ಊರಿನಲ್ಲಿ ಒಂದು ಮದುವೆ ಆಯಿತು. ಆಯಿತು ಅಂದೆನೆ? ತಪ್ಪು, ತಪ್ಪು! ಆಯಿತೋ ಇಲ್ಲವೋ ಅನ್ನುವುದೇ ಕತೆ. ಹತ್ತಿರ ಬನ್ನಿ, ನಡುನಡುವೆ ಹೂಂ ಅನ್ನುತ್ತಿರಿ. ಹೂಂ ನಿಂತರೆ ಕತೆಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಮೇಲೆ ನನ್ನನ್ನು ಹೊರಗೆ ತೆಗೆದು, ಒರೆಸಿ, ಮತ್ತೆ ಹಾಕಬೇಕಾಗುತ್ತದೆ.

ಊರಿನ ಹೆಸರು ಗಿರಗಿರಪುರ. ಅಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ವೀಡಿಯೋದವರು ಮಂಟಪದ ಮುಂದೆ ಅಡ್ಡ ನಿಲ್ಲುತ್ತಿದ್ದರು. ಕ್ಯಾಮೆರಾ ಹಿಡಿದವನೊಬ್ಬ, ಲೈಟು ಹಿಡಿದವನೊಬ್ಬ, ವೈರು ಹಿಡಿದವನೊಬ್ಬ, ವೈರು ಹಿಡಿದವನನ್ನು ಹಿಡಿದವನು ಇನ್ನೊಬ್ಬ. ಕೆಳಗೆ ಕೂತ ನೆಂಟರಿಗೆ ಕಾಣುವುದು ಬೆನ್ನು, ಬೆನ್ನು, ಬರೀ ಬೆನ್ನು. ಗಟ್ಟಿಮೇಳ ಕೇಳಿಸಿದ ಕೂಡಲೇ ಜನ ಆ ಬೆನ್ನುಗಳ ಮೇಲೇ ಅಕ್ಷತೆ ಎಸೆದು ಊಟದ ಪಂಕ್ತಿಗೆ ಓಡುತ್ತಿದ್ದರು. ತಾಳಿ ಕಟ್ಟಿದ್ದನ್ನು ಕಣ್ಣಾರೆ ಕಂಡವರು ಇಡೀ ಊರಿನಲ್ಲಿ ಒಬ್ಬರೂ ಇರಲಿಲ್ಲ.

ಹಾಗಾಗಿ ಅಲ್ಲಿ ಒಂದು ಕಟ್ಟಳೆ ಹುಟ್ಟಿತು. ಮದುವೆಯ ಸಿನಿಮಾ ಡಿಸ್ಕಿನಲ್ಲಿ ಬರಬೇಕು. ಅದನ್ನು ಅರಮನೆಯ ಕಂಪ್ಯೂಟರಿಗೆ ಹಾಕಬೇಕು. ಊರೆಲ್ಲ ಕೂತು ನೋಡಬೇಕು. ತಾಳಿ ಕಂಡರೆ ಮದುವೆ ಆಯಿತು, ಕಾಣದಿದ್ದರೆ ಆಗಲಿಲ್ಲ.

ಇನ್ನೊಂದು ಕಟ್ಟಳೆ ಅದಕ್ಕಿಂತ ಹಳೆಯದು. ತಾಳಿ ಆಗುವ ತನಕ ಮದುಮಗಳು ಉಣ್ಣುವ ಹಾಗಿಲ್ಲ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಟ್ಟೆ ಚುರ್ ಅಂದಿತಾ? ನಿಮಗೇ ಹಾಗಾದರೆ ಚೆಲುವಾಜಿಯ ಪಾಡು ಏನಾಗಿರಬೇಡ!

ಚೆಲುವಾಜಿ ಈ ಕತೆಯ ಮದುಮಗಳು. ಊಟ ಅಂದರೆ ಅವಳಿಗೆ ಪಂಚಪ್ರಾಣ. ಅವಳ ಮದುವೆಗೆ ಒಬ್ಬಟ್ಟು ಮಾಡಿದ್ದರು, ತೊವ್ವೆ ಮಾಡಿದ್ದರು, ಆಂಬೊಡೆ ಕರಿದಿದ್ದರು. ಎಲ್ಲವೂ ಅವಳ ಮೂಗಿನ ಮುಂದೆಯೇ ಹಾದು ಹೋಗಿ ಎಲ್ಲರ ಹೊಟ್ಟೆ ಸೇರಿತು. ಅವಳ ಹೊಟ್ಟೆಗೆ ಸೇರಿದ್ದು ಬರೀ ವಾಸನೆ. ಸಿನಿಮಾ ಬರಲಿ ಎಂದು ಅವಳು ಹಲ್ಲು ಕಚ್ಚಿ ಕಾದಳು. ಒಂದು ವಾರ ಕಾದಳು, ಇನ್ನೊಂದು ವಾರವೂ ಕಾದಳು. ಹೇಗೆ ಬದುಕಿದ್ದಳು ಅಂತ ಕೇಳಬೇಡಿ. ಕತೆಯಲ್ಲಿ ಹಸಿವಾಗುತ್ತದೆ, ಸಾವಾಗುವುದಿಲ್ಲ.

"ನನ್ ಕುತ್ತಿಗೇಲಿ ತಾಳಿ ಐತಲ್ಲ ಅತ್ತೆ, ನೋಡಿ!" ಎಂದು ಅವಳು ಎತ್ತಿ ತೋರಿಸಿದಳು.

ಗಂಡಿನ ತಾಯಿ ಅಕ್ಕಯ್ಯಮ್ಮ ಕಟ್ಟಳೆಯ ವಿಷಯದಲ್ಲಿ ಕಬ್ಬಿಣದ ಕಡಲೆ. "ಇರೋದೇನೋ ಐತೆ ಕಣವ್ವ. ಕಟ್ಟಿದ್ದ ಯಾರ್ ಕಂಡವ್ರೆ? ಈಗ್ಲೇ ಅತ್ತೆ ಅನ್ಬ್ಯಾಡ, ಸಿನ್ಮಾ ಬರ್ಲಿ."

ಕೊನೆಗೂ ಸಿನಿಮಾ ಬಂತು! ವೀಡಿಯೋ ಹೊಂಬಯ್ಯ ಡಿಸ್ಕನ್ನು ಬೆಳ್ಳಿ ಹರಿವಾಣದಲ್ಲಿ ಇಟ್ಟುಕೊಂಡು, ವಾಲಗದ ಜೊತೆ ತಂದ. ಗಿರಗಿರಪುರದಲ್ಲಿ ಮದುವೆಗೆ ಸೇರಿದ್ದು ಏನೇ ಹೊಸ್ತಿಲು ದಾಟಿದರೂ ಅದಕ್ಕೆ ಅರಿಶಿನ ಕುಂಕುಮ ಆಗಲೇಬೇಕು. ಸೊಸೆಗೂ ಆಗಬೇಕು, ಅಡುಗೆಯ ಕೊಳದಪ್ಪಲೆಗೂ ಆಗಬೇಕು, ಜನರೇಟರಿಗೂ ಆಗಬೇಕು. ಅಕ್ಕಯ್ಯಮ್ಮ ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಹೊಳೆಯೋ ಕಡೆನೇ ಮುಖ ಇರ್ಬೇಕು" ಎಂದು ಹೊಳೆಯುವ ಕಡೆಗೇ ಅರಿಶಿನ ಬಳಿದು, ನಡುವೆ ಸುತ್ತಲೂ ಕುಂಕುಮ ಇಟ್ಟಳು. ಡಿಸ್ಕು ಲಕ್ಷಣವಾಗಿ ಕಂಡಿತು. ಎಲ್ಲರೂ ಕೈ ಮುಗಿದರು.

ಅರಮನೆಯಲ್ಲಿ ದೊರೆ ಉದ್ದಂಡಭೂಪ ಆಗಲೇ ತುದಿಗಾಲ ಮೇಲೆ ನಿಂತಿದ್ದ. ಅವನಿಗೆ ತಾಳಿಯ ಚಿಂತೆ ಇರಲಿಲ್ಲ, ಒಬ್ಬಟ್ಟಿನ ಚಿಂತೆ. ಮದುವೆಯಲ್ಲಿ ತನ್ನ ಎಲೆಗೆ ಒಬ್ಬಟ್ಟು ಬೀಳಲೇ ಇಲ್ಲ ಅಂತ ಅವನ ವಾದ. ಬಡಿಸಿದವರು ಬಿತ್ತು ಬಿತ್ತು ಅನ್ನುತ್ತಿದ್ದರು. ಅಂದಿನಿಂದ ದೊರೆ ರಾಜ್ಯ ಆಳುವುದನ್ನೇ ಬಿಟ್ಟಿದ್ದ. ಅವನ ದೊಡ್ಡ ಪೇಟದ ಮೇಲೆ ಇರುವೆಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದವು. ಯಾರಾದರೂ ಅತ್ತ ನೋಡಿದರೆ, "ಅವೂ ನನ್ನ ಪ್ರಜೆಗಳೇ, ಅಹವಾಲು ಹೇಳೋಕೆ ಬಂದಾವೆ" ಅನ್ನುತ್ತಿದ್ದ.

"ಹಾಕ್ರೋ ಡಿಸ್ಕು! ನನ್ನೆಲೆಗೆ ಒಬ್ಬಟ್ಟು ಬಿದ್ದಿಲ್ಲ ಅಂತ ಕಂಡ್ರೆ ಮದ್ವೆ ರದ್ದು! ದೊರೆ ಹಸಿದು ಎದ್ದಿದ್ದೂ ಒಂದು ಮದ್ವೆನಾ?"

ಚೆಲುವಾಜಿಯ ಎದೆ ಧಸಕ್ ಅಂದಿತು. ಹೊಟ್ಟೆ ಅದಕ್ಕಿಂತ ಜೋರಾಗಿ ಗುರ್ ಅಂದಿತು.

ಹೊಂಬಯ್ಯ ಗುಂಡಿ ಒತ್ತಿದ. ಕಂಪ್ಯೂಟರಿನ ಟ್ರೇ ಹೊರಗೆ ಬಂತು. ಡಿಸ್ಕು ಇಟ್ಟರು, ಟ್ರೇ ಒಳಗೆ ಹೋಯಿತು. ಗಿರ್... ಗಿರ್... ಕಟಕ್! ತೆರೆ ಕಪ್ಪಾಗೇ ಉಳಿಯಿತು. ಟ್ರೇ ಡಿಸ್ಕನ್ನು ಹೊರಗೆ ತಳ್ಳಿತು. ಮತ್ತೆ ಇಟ್ಟರು. ಗಿರ್... ಗಿರ್... ಕಟಕ್! ಮತ್ತೆ ತಳ್ಳಿತು. ಮಗುಚಿ ಇಟ್ಟರು. ಈ ಸಲ ಗಿರ್ ಅನ್ನಲೂ ಇಲ್ಲ.

"ಧೂಳು ಕೂತಿರ್ಬೇಕು ಬುದ್ಧಿ, ಒರೆಸ್ಬೇಕು" ಅಂದ ಹೊಂಬಯ್ಯ.

ಒರೆಸಿದರು. ಹೇಗೆ ಒರೆಸಿದರು ಅಂತೀರಿ! ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದ್ದರೆ ಹೋಗುತ್ತಿತ್ತೋ ಏನೋ. ಆದರೆ ಅರಿಶಿನ ಕುಂಕುಮ ಇಟ್ಟ ವಸ್ತುವಿಗೆ ಅಡ್ಡ ಬಟ್ಟೆ ಎಳೆಯುವುದುಂಟೆ? ಪ್ರದಕ್ಷಿಣೆಯಾಗಿಯೇ ಒರೆಸಬೇಕು. ಊರಿನವರೆಲ್ಲ ಸರದಿಯಲ್ಲಿ ನಿಂತು ಸುತ್ತ ಸುತ್ತ ಒರೆಸಿದರು. ಅರಿಶಿನ ಕುಂಕುಮ ಬೆರೆತು, ಹರಡಿ, ಡಿಸ್ಕೆಲ್ಲ ಕೆಂಪುಗೊಂಡಿತು. ಹಾಕಿದರು. ಗಿರ್... ಕಟಕ್!

"ಹಂಗಾದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡೋಣ" ಅಂದ ಹೊಂಬಯ್ಯ.

ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರು. ಆಗಲಿಲ್ಲ. ಕಂಪ್ಯೂಟರಿನ ವೈರು ಅರಮನೆಗೆ ಹೋಗಿತ್ತಲ್ಲ, ಅರಮನೆಯನ್ನೇ ಆಫ್ ಮಾಡಿದರು. ದೀಪ ಆರಿಸಿದರು, ಒಲೆ ನಂದಿಸಿದರು, ದೊರೆ ಸಿಂಹಾಸನದಿಂದ ಇಳಿದು ಮತ್ತೆ ಹತ್ತಿದ. ಆಗಲಿಲ್ಲ. ಅರಮನೆಯ ವೈರು ಊರಿಗೆ ಹೋಗಿತ್ತಲ್ಲ, ಊರನ್ನೇ ಆಫ್ ಮಾಡಿದರು! ಮಟಮಟ ಮಧ್ಯಾಹ್ನ ಎಲ್ಲರೂ ಇದ್ದಲ್ಲೇ ಮಲಗಿ ಕಣ್ಣು ಮುಚ್ಚಿದರು. ನಾಯಿ ಮಲಗಿತು, ಎಮ್ಮೆ ಮಲಗಿತು, ಬಾವಿಗೆ ಇಳಿಯುತ್ತಿದ್ದ ಬಿಂದಿಗೆ ಅರ್ಧದಲ್ಲೇ ನಿಂತು ತೂಕಡಿಸಿತು. ಹೊಂಬಯ್ಯ "ಆನ್!" ಅಂದ. ಕೋಳಿ ಕೂಗಿತು. ಜನ ಆಕಳಿಸಿ ಎದ್ದು ಹಲ್ಲುಜ್ಜಿದರು. ಹಾಲಿನವಳು ಹಾಲು ತಂದಳು.

ಡಿಸ್ಕು ಮಾತ್ರ ಓಡಲಿಲ್ಲ. ಆದದ್ದು ಇಷ್ಟೇ: ಊರೆಲ್ಲ ಮಲಗಿ ಎದ್ದದ್ದರಿಂದ ಅದು ನಾಳೆ ಆಗಿಬಿಟ್ಟಿತ್ತು. ಚೆಲುವಾಜಿಯ ಉಪವಾಸಕ್ಕೆ ಪುಗಸಟ್ಟೆ ಇನ್ನೊಂದು ದಿನ ಸೇರಿತು!

ಆಗ ಅವಳು ಅತ್ತಳು. ಗೊಳೋ ಅಂತ, ಸೆರಗು ಕಚ್ಚಿ ಅತ್ತಳು. ಅಂಗಳದ ಆಚೆಯಿಂದ ಮದುಮಗ ಬೋರಲಿಂಗ, "ಅಳ್ಬ್ಯಾಡ ಕಣೆ" ಅಂದ. ತಕ್ಷಣ ಅಕ್ಕಯ್ಯಮ್ಮ, "ಸುಮ್ನಿರೋ, ಇನ್ನೂ ಮದ್ವೆ ಆಗಿಲ್ಲ" ಎಂದು ಅವನ ಬಾಯಿ ಮುಚ್ಚಿಸಿದಳು.

"ವೈರು ಸಡ್ಲ ಆಗೈತೆ" ಎಂದು ಹೊಂಬಯ್ಯ ತನ್ನ ಕ್ಯಾಮೆರಾ, ಲೈಟು, ಆಳುಗಳ ಸಮೇತ ಮೇಜಿನ ಕೆಳಗೆ ತೂರಿದ. ತೂರಿದವನು ವೈರುಗಳ ಕಾಡಿನಲ್ಲಿ ಸಿಕ್ಕಿಕೊಂಡು ಅಲ್ಲಿಂದಲೇ ಕೂಗಿದ. "ಮುಂದ್ಗಡೆ ಒಂದು ಸಣ್ಣ ತೂತು ಐತೆ ಬುದ್ಧಿ! ಅದ್ರೊಳಗೆ ಪಿನ್ನು ಚುಚ್ಚಿದ್ರೆ ಟ್ರೇ ಬಾಯಿ ಬಿಡ್ತದೆ!"

ಪಿನ್ನು ಎಲ್ಲಿದೆ? ಮದುಮಗಳ ಸೀರೆಯಲ್ಲಿ ಪಿನ್ನಿಗೆ ಬರವೆ! "ನೀನೇ ಚುಚ್ಚವ್ವ" ಎಂದು ಎಲ್ಲರೂ ಚೆಲುವಾಜಿಯನ್ನು ಮುಂದೆ ನೂಕಿದರು.

ಅವಳು ಹೆಗಲಿನ ಪಿನ್ನು ಕಿತ್ತು, ಬಗ್ಗಿ, ತೂತು ಹುಡುಕಿದಳು. ಒಳಗಿನಿಂದ ಸಣ್ಣಗೆ ಸದ್ದು ಕೇಳಿಸಿತು. ಗುರ್... ಗುರ್... ಅವಳು ಕಿವಿ ಇಟ್ಟಳು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ವಾರಗಟ್ಟಲೆಯಿಂದ ತನ್ನ ಹೊಟ್ಟೆಯಲ್ಲೇ ಕೇಳುತ್ತಿದ್ದ ಸದ್ದು!

ಅವಳ ಕೈ ಪಿನ್ನನ್ನು ಚುಚ್ಚಲಿಲ್ಲ. ಬಾಯಿ ತಾನಾಗಿಯೇ ಕೇಳಿಬಿಟ್ಟಿತು. "ಪಾಪ, ನಿಂದು ಊಟ ಆಯ್ತಾ?"

ಯಾರೂ ಗುಂಡಿ ಒತ್ತಲಿಲ್ಲ. ಟ್ರೇ ತಾನೇ ತಾನಾಗಿ ಹೊರಗೆ ಬಂತು. ಅದರ ಹಿಂದೆ ಒಂದು ಬಿಕ್ಕಳಿಕೆಯೂ ಬಂತು.

"ಇಷ್ಟು ವರ್ಷದಲ್ಲಿ ನೀನೊಬ್ಳೇ ಕಣವ್ವ ಕೇಳಿದ್ದು!" ಎಂದು ಕಂಪ್ಯೂಟರಿನೊಳಗೆ ಡಿಸ್ಕು ಓದುವ ಡ್ರೈವು ಮಾತಾಡಿತು. "ಕೈ ಚಾಚ್ತೀನಿ, ಗುಂಡ್ಗೆ ಹೊಳೆಯೋ ತಟ್ಟೆ ಇಡ್ತಾರೆ. ಒಳಗೆ ಹೋಗಿ ನೋಡ್ತೀನಿ, ಖಾಲಿ! ಒಂದು ಅಗುಳೂ ಇಲ್ಲ. ಖಾಲಿ ತಟ್ಟೆ ಗಿರಗಿರ ತಿರುಗ್ಸಿ ತಿರುಗ್ಸಿ, ಊರಿನ ಮದ್ವೆ ಊಟನೆಲ್ಲ ನಿಮಗೆ ತೋರಿಸ್ದೆ. ನನಗೇನು ಸಿಕ್ತು? ಈ ಸಲ ತಟ್ಟೆ ಮೇಲೆ ಹಳದಿ ಕಾಣ್ತು. ಅಬ್ಬ, ಚಿತ್ರಾನ್ನ ಬಡಿಸವ್ರೆ ಅಂತ ಕಣ್ಣು ಅಗಲ್ಸಿ ನೋಡ್ದೆ. ಅರಿಶಿನ! ಕುಂಕುಮ! ಪೂರಾ ಕಣ್ಣೊಳಗೇ ಬಿತ್ತು. ಉರಿ ಕಣವ್ವ, ಉರಿ! ಇನ್ನು ಹೊಟ್ಟೆಗೆ ಬೀಳೋವರ್ಗೂ ನಾನು ಕಣ್ಣು ಬಿಡಲ್ಲ."

"ಏನ್ ಬೇಕು ಹೇಳು."

"ಒಬ್ಬಟ್ಟು."

ಸಭೆ ಅಯ್ಯೋ ಅಂದಿತು. ಗಿರಗಿರಪುರದಲ್ಲಿ ಒಬ್ಬಟ್ಟು ಮದುವೆಗೆ ಬಿಟ್ಟು ಇನ್ನೆಂದೂ ಮಾಡುವುದಿಲ್ಲ. ಈ ಮದುವೆಯದು ಮುಗಿದಿತ್ತು. ಇದು ಇತ್ಯರ್ಥ ಆಗದೆ ಇನ್ನೊಂದು ಮದುವೆ ಇಲ್ಲ.

"ಇಲ್ಲ ಅನ್ಬ್ಯಾಡಿ," ಎಂದು ಡ್ರೈವು ಮೂಗು ಅರಳಿಸಿತು. "ಒಂದು ಉಳಿದೈತೆ. ತುಪ್ಪದ ವಾಸ್ನೆ ಬತ್ತಾ ಐತೆ. ಅಗೋ, ಅಲ್ಲಿಂದ, ಮೇಲಿಂದ!"

ಎಲ್ಲರೂ ಮೇಲೆ ನೋಡಿದರು. ಮೇಲೆ ಸಿಂಹಾಸನ, ಸಿಂಹಾಸನದ ಮೇಲೆ ದೊರೆ, ದೊರೆಯ ಮೇಲೆ ಪೇಟ, ಪೇಟದ ಮೇಲೆ ಇರುವೆ ಸಾಲು. ದೊರೆ ಎರಡೂ ಕೈಯಲ್ಲಿ ಪೇಟ ಅದುಮಿ ಹಿಡಿದುಕೊಂಡ.

"ಮೊದ್ಲು ಓದು, ಆಮೇಲೆ ಕೊಡ್ತೀನಿ!" ಅಂದ ದೊರೆ.

"ಮೊದ್ಲು ಕೊಡು, ಆಮೇಲೆ ಓದ್ತೀನಿ!" ಅಂದಿತು ಡ್ರೈವು.

"ಕೊಟ್ರೆ ನನಗೆ ಒಬ್ಬಟ್ಟು ಬಿದ್ದಿತ್ತು ಅಂತ ಆಗೋಯ್ತದೆ. ಆಮೇಲೆ ನೀನು ಓದಿ ಏನು ಉಪಯೋಗ?"

"ಕೊಡದಿದ್ರೆ ಓದಲ್ಲ. ಓದದಿದ್ರೆ ಬಿದ್ದಿಲ್ಲ ಅಂತ ನೀನು ತೋರ್ಸೋದು ಹೆಂಗೆ?"

"ಓದು!" "ಕೊಡು!" "ಓದು!" "ಕೊಡು!" ಸಭೆಯ ತಲೆಗಳೆಲ್ಲ ಆ ಕಡೆ ಈ ಕಡೆ, ಆ ಕಡೆ ಈ ಕಡೆ ತಿರುಗಿದವು. ಹೀಗೇ ಬಿಟ್ಟಿದ್ದರೆ ಇವತ್ತಿಗೂ ತಿರುಗುತ್ತಿದ್ದವು. ಆದರೆ ಹಸಿದವಳ ಎದುರು ನ್ಯಾಯ ಎಷ್ಟು ಹೊತ್ತು ನಿಂತೀತು! ಚೆಲುವಾಜಿ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ದಡದಡ ಮೆಟ್ಟಿಲು ಹತ್ತಿದಳು. "ತಪ್ಪಾಯ್ತು ಬುದ್ಧಿ" ಅಂದಳು. ಪೇಟ ಎತ್ತಿಯೇಬಿಟ್ಟಳು!

ದೊರೆಯ ಬೋಳುತಲೆಯ ಮೇಲೆ, ದುಂಡಗೆ, ತುಪ್ಪ ಸುರಿಯುತ್ತಾ, ಒಬ್ಬಟ್ಟು.

ಅದನ್ನು ತಂದು ಟ್ರೇ ಮೇಲಿದ್ದ ಡಿಸ್ಕಿನ ನಡುವೆ ಬಡಿಸಿದಳು. "ಉಣ್ಣಪ್ಪ" ಅಂದಳು. ಬಾಯಲ್ಲಿ ನೀರು ತುಂಬಿದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ.

ಟ್ರೇ ಒಳಗೆ ಹೋಗಲಿಲ್ಲ. "ನಿಂದು?" ಎಂದು ಕೇಳಿತು ಡ್ರೈವು. "ನಿಂದು ಊಟ ಆಯ್ತಾ?"

ಚೆಲುವಾಜಿಗೆ ಸೀರೆ ಚೆನ್ನಾಗಿದೆ ಅಂದವರಿದ್ದರು. ಸ್ವಲ್ಪ ನಗು ಅಂದವರಿದ್ದರು. ಕ್ಯಾಮೆರಾ ಕಡೆ ತಿರುಗು ಅಂದವರಿದ್ದರು. ಮದುವೆ ಶುರುವಾದಾಗಿನಿಂದ ಈ ಮಾತು ಕೇಳಿದವರು ಒಬ್ಬರೂ ಇರಲಿಲ್ಲ. ಅವಳು ಇಲ್ಲ ಎಂದು ತಲೆಯಾಡಿಸಿದಳು.

"ಹಂಗಾದ್ರೆ ನಾನೊಬ್ನೇ ಹೆಂಗವ್ವ ಉಣ್ಣೋದು? ಅರ್ಧ ನಿಂಗೆ, ಅರ್ಧ ನಂಗೆ."

ಅವಳು ಒಬ್ಬಟ್ಟು ಮುರಿದಳು. ಊರೆಲ್ಲ ನೋಡುತ್ತಿತ್ತು. ಹೊಂಬಯ್ಯ ಮೇಜಿನ ಕೆಳಗಿದ್ದನಲ್ಲ, ಅಡ್ಡ ನಿಲ್ಲಲು ಒಂದು ಬೆನ್ನೂ ಇರಲಿಲ್ಲ. ಗಿರಗಿರಪುರದ ಜನ ಮೊದಲ ಸಲ ಮದುಮಗಳ ಮುಖವನ್ನು ಕಣ್ಣಾರೆ ಕಂಡರು. ಅವಳು ಬಾಯಿಗಿಟ್ಟಳು. ಅಗಿದಳು. ನುಂಗಿದಳು! ಡಿಸ್ಕಿನ ಮೇಲೆ ಉಳಿದ ತುಪ್ಪವನ್ನೂ ಬಿಡಲಿಲ್ಲ. ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ ಬೆರಳೆಳೆದು ನೆಕ್ಕಿದಳು. ಆಮೇಲೆ ಡ್ರೈವಿನ ಪಾಲನ್ನು ಬಡಿಸಿದಳು. ಟ್ರೇ ಒಳಗೆ ಹೋಯಿತು. ಗಿರ್... ಗಿರ್... ಡರ್‌ರ್! ತೇಗು!

ಅಕ್ಕಯ್ಯಮ್ಮ ಎದೆ ಬಡಿದುಕೊಂಡಳು. "ತಿಂದೇಬಿಟ್ಳಲ್ಲಪ್ಪೋ! ತಾಳಿ ಆಗ್ದೆ ಮದ್ಮಗಳು ತಿನ್ನೋದುಂಟಾ? ನಮ್ಮ ವಂಶ್ದಲ್ಲೇ ಇಲ್ಲ! ನಮ್ಮೂರಲ್ಲೇ ಇಲ್ಲ! ತಾಳಿ ಆಗ್ದೆ ಯಾರೂ ತಿಂದಿಲ್ಲ, ಯಾರೂ..."

ಅಲ್ಲಿಗೆ ಅವಳ ಬಾಯಿ ನಿಂತಿತು. ಕಣ್ಣು ಅಗಲವಾಯಿತು.

"ತಾಳಿ ಆಗ್ದೆ ಯಾರೂ ತಿನ್ನಲ್ಲ. ಇವ್ಳು ತಿಂದ್ಳು. ಊರೆಲ್ಲ ಕಂಡೈತೆ." ಅವಳು ಎದ್ದು ನಿಂತು ಕೂಗಿದಳು. "ಹಂಗಾದ್ರೆ ತಾಳಿ ಆಗೈತೆ! ಅಯ್ಯೋ, ಮದ್ವೆ ಆಗೈತೆ ಕಣ್ರೋ! ಊದ್ರೋ ವಾಲಗ!"

ವಾಲಗ ಊದಿತೋ ಊದಿತು! ಬೋರಲಿಂಗ ಅಂಗಳ ದಾಟಿ ಓಡಿಬಂದ. ಚೆಲುವಾಜಿ "ಅತ್ತೇ!" ಅಂದಳು. ಅಕ್ಕಯ್ಯಮ್ಮ "ಏನವ್ವ ಸೊಸೆ!" ಅಂದಳು. "ಇನ್ನೂ ಹಸಿವು ಅತ್ತೆ" ಅಂದಳು ಚೆಲುವಾಜಿ. ಊರಿಗೆ ಊರೇ ಒಲೆ ಹಚ್ಚಲು ಓಡಿತು.

ಆಗಲೇ ತೆರೆ ಬೆಳಗಿತು. ತುಪ್ಪದಲ್ಲಿ ಡ್ರೈವಿನ ಕಣ್ಣಿನ ಕುಂಕುಮ ಕರಗಿತ್ತು. ಸಿನಿಮಾ ಓಡಿತು, ಸೊಗಸಾಗಿ ಓಡಿತು. ನೋಡಲು ಉಳಿದವನು ದೊರೆ ಒಬ್ಬನೇ. ತೆರೆಯ ಮೇಲೆ ತಾಳಿ ಬಂತು. ತಾಳಿಯ ಹಿಂದೆ ಊಟದ ಪಂಕ್ತಿ ಬಂತು. ದೊರೆ ಅತ್ತ ಇತ್ತ ನೋಡಿ ಒಬ್ಬಟ್ಟನ್ನು ಪೇಟದೊಳಗೆ ಸೇರಿಸಿಕೊಳ್ಳುವುದೂ ಬಂತು.

"ಯಾರಿಗೂ ಹೇಳ್ಬೇಡ ಮಾರಾಯ" ಎಂದು ದೊರೆ ಪಿಸುಗುಟ್ಟಿದ.

"ಮೊದ್ಲು ಊಟ ಆಯ್ತಾ ಅಂತ ಕೇಳು" ಅಂದಿತು ಡ್ರೈವು.

ಕತೆ ಅಂದಮೇಲೆ ನೀತಿ ಇರಬೇಕಂತೆ, ತಗೊಳ್ಳಿ: ಡಿಸ್ಕು ಓಡದಿದ್ದರೆ ಮೊದಲು ದೊರೆಯ ಪೇಟ ಎತ್ತಿ ನೋಡಿ. ಅವರು ಉಂಡ ಎಲೆ ಅಲ್ಲಿ ಎತ್ತಿದರು, ನಮ್ಮ ಕತೆಯ ಟ್ರೇ ಇಲ್ಲಿ ಒಳಗೆ ಹೋಯಿತು. ಹೊಂಬಯ್ಯ ಇನ್ನೂ ಮೇಜಿನ ಕೆಳಗೇ ಇದ್ದಾನೆ.

ಅಂದಹಾಗೆ, ಇಷ್ಟು ಹೊತ್ತು ಹೂಂ ಹೂಂ ಅಂದಿರಲ್ಲ, ನಿಮ್ಮದು ಊಟ ಆಯ್ತಾ?