ಉರಿ ಬೇಡಿದ ನೀರು

ಪೇಟೆಯ ಹೋಟೆಲೊಂದರ ಒಲೆಯ ಉರಿಗೆ, ಅಡುಗೆಮನೆ ನಡೆಯುವುದೇ ತನ್ನ ಬಿಸಿಯಿಂದ ಎಂಬ ಜಂಬವಿತ್ತು. ಪ್ರತಿ ದೋಸೆಗೂ ಮುಂಚೆ ಚೊಂಬು ಬಂದು ಕಾದ ಕಾವಲಿಗೆ ನೀರು ಚಿಮುಕಿಸುವುದು ಅದಕ್ಕೆ ಸೇರುತ್ತಿರಲಿಲ್ಲ. ಒಂದು ಭಾನುವಾರ ಗಿರಾಕಿಗಳು ಬಾಗಿಲವರೆಗೂ ನಿಂತಿದ್ದರು. "ಎಲೈ ಚೊಂಬೇ, ನಾನು ದುಡಿದು ಕಾಯಿಸಿದ್ದನ್ನು ತಣಿಸಿ ಹಾಳುಮಾಡುತ್ತೀಯೆ. ಇಂದು ಒಂದು ಹನಿಯೂ ಬೀಳಕೂಡದು!" ಎಂದು ಗದರಿ ಉರಿ ಭುಗಿಲೆದ್ದಿತು. ಚೊಂಬು ಹಿಂದೆ ಸರಿಯಿತು. ಸೌಟು ಹಿಟ್ಟು ಹೊಯ್ದರೆ ಹಿಟ್ಟು ಹರಡಲೇ ಇಲ್ಲ. ಮುದ್ದೆಯಾಗಿ ಸೌಟಿಗೇ ಅಂಟಿ ಎದ್ದುಬಂತು. ಮತ್ತೆ ಹೊಯ್ದರೂ ಅದೇ ಪಾಡು. ಗಿರಾಕಿಗಳು ಗೊಣಗುತ್ತ ಹೊರಟರು.

"ಸೋಮಾರಿ ಹಿಟ್ಟೇ, ಇನ್ನೆಷ್ಟು ಬಿಸಿ ಬೇಕು ನಿನಗೆ?" ಎಂದು ಉರಿ ಸಿಡುಕಿತು.

"ಸ್ವಾಮಿ, ಬಿಸಿಯಿಲ್ಲದೆ ನಾನು ದೋಸೆಯಾಗಲಾರೆ. ಆದರೆ ಕಾಲಿಟ್ಟ ಗಳಿಗೆಯಲ್ಲೇ ಸುಟ್ಟರೆ ಹರಡಿಕೊಳ್ಳುವುದು ಹೇಗೆ?" ಎಂದಿತು ಹಿಟ್ಟು.

ಕಾವಲಿ ಚೊಂಬಿಗೆ ಸನ್ನೆಮಾಡಿತು. ಹಿಡಿ ನೀರು ಬಿದ್ದು ಚುಂಯ್ ಎಂದಿತು. ಅದೇ ಹಿಟ್ಟು ಸೌಟಿನ ಜೊತೆ ಸುತ್ತು ಸುತ್ತಾಗಿ ಓಡಿ ಕಾವಲಿಯ ಅಂಚು ಮುಟ್ಟಿತು. ಮೈತುಂಬ ಕಣ್ಣು ಬಿಟ್ಟು ಹೊನ್ನಿನ ಬಣ್ಣಕ್ಕೆ ತಿರುಗಿತು. ಉರಿ ಬೆಕ್ಕಸ ಬೆರಗಾಯಿತು. "ಇಷ್ಟಗಲ ಅರಳುವ ಶಕ್ತಿ ಇದರಲ್ಲಿತ್ತೆ!"

"ಮೊದಲಿನಿಂದಲೂ ಇತ್ತು. ನೀನು ತಲೆ ಮೇಲೆತ್ತಿ ನೋಡಿದ್ದು ಇಂದು," ಎಂದಿತು ಕಾವಲಿ.

ಉರಿ ತಾನಾಗಿಯೇ ತಗ್ಗಿತು. ಮುಂದಿನ ದೋಸೆಗೆ ಸೌಟು ಏಳುವ ಮೊದಲೇ, "ಚೊಂಬಣ್ಣಾ, ಸ್ವಲ್ಪ ನೀರು" ಎಂದು ಕೇಳಿತು.