ಮುಂದಿನ ಸಾಲಿನ ಚೌಕಳಿ ಅಂಗಿ

"ಅಜ್ಜಾರ, ಊರ ಮಾನ ಕಳದಾವಗ ನಾಕ ಮಂದಿ ಮುಂದ ಬುದ್ಧಿ ಕಲಿಸಿದ್ರ ತಪ್ಪೇನ್ರಿ?"

ಚನ್ನವೀರ ಇದನ್ನು ಕೂತು ಕೇಳಲಿಲ್ಲ, ಮಠದ ಗುರುಗಳನ್ನು ಹೊಸ್ತಿಲಲ್ಲಿ ನಿಂತೇ ಕೇಳಿದ. ಹಿಂದಿನ ದಿನ ತಾಲ್ಲೂಕಿನ ಕಬಡ್ಡಿ ಫೈನಲ್‌ನಲ್ಲಿ ಅವನ ಊರಿನ ತಂಡ ಒಂದೇ ಅಂಕದಿಂದ ಸೋತಿತ್ತು. ಕೊನೆಯ ರೈಡಿಗೆ ಹೋದ ಗುಡದಪ್ಪ ನಡುಗೆರೆಗೆ ಒಂದು ಗೇಣು ಉಳಿದಿರುವಾಗ ಸಿಕ್ಕಿಬಿದ್ದಿದ್ದ. ಅವನ ಮನೆಗೆ ಹೋಗಿ ಕೊರಳಿಗೆ ಹಳೆ ಚಪ್ಪಲಿಯ ಹಾರ ಹಾಕುವುದೆಂದು ಗೆಳೆಯರೆಲ್ಲ ತೀರ್ಮಾನಿಸಿದ್ದರು. ಊರ ಮಾನ ಕಾಯುವ ಆ ಮಹನೀಯರು ಈಗ ಹೊರಗಿನ ಕಟ್ಟೆಯ ಮೇಲೆ ಕೂತು ಚಪ್ಪಲಿ ಪೋಣಿಸುತ್ತಿದ್ದರು. ಚನ್ನವೀರನನ್ನು ಸಿಟ್ಟಿನ ಜೊತೆಗೆ ಇನ್ನೇನೋ ಒಳಗೆ ಕೊರೆಯುತ್ತಿತ್ತು. ಅದಕ್ಕೇ ಗುರುಗಳ ಬಾಯಿಂದ 'ತಪ್ಪಿಲ್ಲ' ಎಂಬ ಒಂದು ಮಾತು ಅವನಿಗೆ ಬೇಕಾಗಿತ್ತು.

"ಕುಂದರಪ್ಪ," ಎಂದರು ಗುರುಗಳು. ಅವನು ಹೊರಗೆ ನೋಡುತ್ತಲೇ ಕೂತ. ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ. ಅವನಿಗೆ ಒಬ್ಬ ನಟನೆಂದರೆ ಪ್ರಾಣ. ವ್ಯಾಪಾರಿಯ ಹರೆಯದಲ್ಲಿ ಆ ನಟನ ಕುಸ್ತಿಯ ಸಿನಿಮಾ ಆ ಊರಿನಲ್ಲೇ ಚಿತ್ರೀಕರಣವಾಗಿತ್ತು. ಕಣದ ಸುತ್ತ ಕೂಗುವ ಜನ ಊರಿನವರೇ. ಇವನು ಹೊಸ ಚೌಕಳಿ ಅಂಗಿ ಹೊಲಿಸಿಕೊಂಡು ಮುಂದಿನ ಸಾಲು ಹಿಡಿದಿದ್ದ. ಪೈಲ್ವಾನನ ಪಾತ್ರದ ನಟ ಸೋತು ಮಣ್ಣಿನಲ್ಲಿ ಬಿದ್ದು ಕಣ್ಣೊರೆಸಿಕೊಳ್ಳುವ ದೃಶ್ಯಕ್ಕೆ ನಾಡೇ ತಲೆದೂಗಿತು. ವ್ಯಾಪಾರಿ ಮೂವತ್ತು ವರ್ಷ ಅದನ್ನು ಅಂಗಡಿಗೆ ಬಂದವರಿಗೆಲ್ಲ ಮಾಡಿ ತೋರಿಸಿದ.

"ಗ್ಲಿಸರಿನ್ ಇಲ್ಲ, ಏನಿಲ್ಲ. ಹಂಗ ಕಣ್ಣಾಗ ನೀರು ಬಂತು ನೋಡ್ರಿ," ಎನ್ನುತ್ತಿದ್ದ.

ಸಿನಿಮಾವನ್ನು ಆಗ ಹತ್ತು ಸಲ ನೋಡಿದ್ದ. ಹತ್ತು ಸಲವೂ ತನ್ನ ಅಂಗಿ ಪರದೆಯ ಮೇಲೆ ಕಂಡ ಕೂಡಲೇ ಬೆಂಚು ಹತ್ತಿ ಶಿಳ್ಳೆ ಹೊಡೆದಿದ್ದ. ಅಂಗಿಯ ಮೇಲಿನ ಮುಖವನ್ನು ನೋಡಿರಲಿಲ್ಲ.

ನಟ ಮುದುಕನಾದ. ಟಾಕೀಸಿನವರು ಅವನ ಹಳೆಯ ಸಿನಿಮಾಗಳನ್ನು ದಿನಕ್ಕೊಂದರಂತೆ ಮತ್ತೆ ಹಾಕಿದರು. ವ್ಯಾಪಾರಿ ಅಂಗಡಿ ಮುಚ್ಚಿ ಹೋದ. ಒಂದು ಕಾಲಕ್ಕೆ ಅವನನ್ನು ಕುಣಿಸಿದ್ದ ಹೊಡೆದಾಟಗಳು ಈಗ ನಗು ತರಿಸಿದವು. ನಟ ಸುಮ್ಮನೆ ಕೂತಿರುವ ದೃಶ್ಯ ಬಂದರೆ ಮೊದಲೆಲ್ಲ ಚಹಾ ಕುಡಿಯಲು ಎದ್ದು ಹೋಗುತ್ತಿದ್ದ. ಈಗ ಅಲ್ಲಾಡದೆ ನೋಡಿದ. ಹೀಗೆ ನೋಡುವುದು ಅಭ್ಯಾಸವಾದ ಮೇಲೆ ಕುಸ್ತಿಯ ಸಿನಿಮಾ ಬಂತು.

ಪೈಲ್ವಾನ ಬಿದ್ದ. ಮುಂದಿನ ಸಾಲಿನಲ್ಲಿ ಚೌಕಳಿ ಅಂಗಿಯವನು ಎದ್ದ. ವ್ಯಾಪಾರಿ ಈ ಸಲ ಶಿಳ್ಳೆ ಹೊಡೆಯಲಿಲ್ಲ, ನೋಡಿದ. ಅಂಗಿಯವನ ಕತ್ತಿನ ನರಗಳು ಉಬ್ಬಿದ್ದವು. ಬಾಯಿ ಸೊಟ್ಟಗಾಗಿತ್ತು. ಆ ಮನುಷ್ಯ ಬಿದ್ದವನ ಮುಖಕ್ಕೆ ಒಂದು ಹಿಡಿ ಮಣ್ಣು ಎರಚಿದ. ನಟ ಕಣ್ಣೊರೆಸಿಕೊಂಡ.

"ಯಾರಲೇ ಆ ರಾಕ್ಷಸ?" ಎಂದು ಹಿಂದೆ ಯಾರೋ ನಕ್ಕರು.

ಕೂಗಿರಿ ಎಂದು ನಿರ್ದೇಶಕ ಹೇಳಿದ್ದ. ಮಣ್ಣು ಎರಚಿರಿ ಎಂದು ಯಾರೂ ಹೇಳಿರಲಿಲ್ಲ. ಹುರುಪಿನಲ್ಲಿ ತಾನು ಎರಚಿದ್ದು ಅವನಿಗೆ ನೆನಪೂ ಉಳಿದಿರಲಿಲ್ಲ. ಮೂವತ್ತು ವರ್ಷ ತಾನು ಹೊಗಳಿದ ಕಣ್ಣೀರು ಎಲ್ಲಿಂದ ಬಂದದ್ದೆಂದು ವ್ಯಾಪಾರಿಗೆ ತಿಳಿಯಿತು. ನಾಚಿಕೆಯಿಂದ ಅವನು ದೀಪ ಹತ್ತುವ ಮೊದಲೇ ಎದ್ದು ಬಂದ.

ಮರುದಿನ ಗಿರಾಕಿಯೊಬ್ಬ ಆ ದೃಶ್ಯ ಮಾಡಿ ತೋರಿಸಲು ಕೇಳಿದ. ವ್ಯಾಪಾರಿ ಎಣ್ಣೆ ಅಳೆದು ಕೊಟ್ಟ, ತಲೆ ಎತ್ತಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಹೊರಗಿನಿಂದ "ಚನ್ನವೀರಾ, ಬರ್ತೀಯೋ ಇಲ್ಲೋ?" ಎಂದು ಕೂಗು ಬಂತು. ಚನ್ನವೀರ ಅರ್ಧ ಎದ್ದ.

"ಅದು ಸಿನಿಮಾದ ಮಾತಾತ್ರಿ, ಅಜ್ಜಾರ. ನಮ್ಮದು ಊರಿನ ಮಾನ. ನಾ ಹೋಗ್ಲೇನ್ರಿ?"

"ಹೋಗಪ್ಪ. ಆದ್ರ ಅಲ್ಲಿ ನಿನ್ನ ಮಾರಿ ನಿನಗ ಕಾಣೂದಿಲ್ಲ, ಗುಡದಪ್ಪಗ ಅಷ್ಟ ಕಾಣ್ತೈತಿ."

ಹೊರಗೆ ಮತ್ತೆ ಕೂಗಿದರು. ಅರ್ಧ ಎದ್ದಿದ್ದ ಚನ್ನವೀರ ಮತ್ತೆ ಕೂತ, ಈ ಸಲ ಗುರುಗಳ ಕಡೆ ಮುಖ ಮಾಡಿ.